ಇನ್ನಾಸಮ್ಮ ಬಿಟ್ಟ ಸಾಲು

ಬಹಳ ಹಿಂದೆ, ತೊರೆಗಲ್ಲು ಎಂಬ ಒಂದು ಊರಿನಲ್ಲಿ ನಡೆದದ್ದು ಇದು. ಎಷ್ಟು ಹಿಂದೆ ಎಂದು ಕೇಳಿದರೆ ಆ ಊರಿನವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆಗ ತೊರೆಗೆ ಸೇತುವೆ ಇರಲಿಲ್ಲ, ಚರ್ಚಿಗೆ ಇನ್ನೂ ಹುಲ್ಲಿನ ಸೂರು ಇತ್ತು, ಪಾದ್ರಿ ಸ್ವಾಮಿಗಳು ಅಪರೂಪಕ್ಕೆ ಕುದುರೆಯ ಮೇಲೆ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಅಷ್ಟನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ. ಅಂಥ ಕಾಲದಲ್ಲಿ ಅಲ್ಲಿ ಇನ್ನಾಸಮ್ಮ ಎಂಬ ಹೆಂಗಸಿದ್ದಳು. ಮುರಿದ ಮೂಳೆಯನ್ನು ಕೂಡಿಸಿ ಕಟ್ಟುವುದು ಅವಳ ಕೆಲಸ. ಗಂಡ ಸತ್ತಿದ್ದ. ಸೂಸೆಯಪ್ಪ ಎಂಬ ಒಬ್ಬನೇ ಮಗ. ಊರಿಗೆಲ್ಲ ಅವನು ಸೂಸೆ.

ಎಲ್ಲ ಕೆಟ್ಟುಹೋದ ಆ ದಿನವೂ ಉಳಿದ ದಿನಗಳ ಹಾಗೆಯೇ ಶುರುವಾಯಿತು. ಸುಗ್ಗಿಯ ಕಾಲ. ಮಗ ಕಣಕ್ಕೆ ಹೊರಡುವ ಮುಂಚೆ ಇನ್ನಾಸಮ್ಮ ಮುದ್ದೆ, ಹುರುಳಿ ಸಾರು ಬಡಿಸಿದಳು. ಉಪ್ಪು ಕಮ್ಮಿ ಕಣವ್ವ ಅಂದ ಅವನು. ಹೆಂಡತಿ ಬಂದ ಮೇಲೆ ಅವಳಿಗೆ ಹೇಳು, ನನಗೆ ಹೇಳಬೇಡ ಅಂದಳು ಇವಳು. ಅವನು ನಕ್ಕು, ಕೈ ತೊಳೆದು, ಎತ್ತುಗಳನ್ನು ಹೊಡೆದುಕೊಂಡು ಹೋದ.

ಅವನು ಹೋದ ಮೇಲೆ ಪಕ್ಕದ ಊರಿನ ಒಬ್ಬ ಗಾಣಿಗ ಬಂದ. ಮುಂಗೈ ಮುರಿದುಕೊಂಡಿದ್ದ. ಇನ್ನಾಸಮ್ಮ ಅವನನ್ನು ಜಗುಲಿಯ ಮೇಲೆ ಕೂರಿಸಿ, ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಮಡಕೆ ಕೊಳ್ಳುವವರು ತಟ್ಟಿ ನೋಡುತ್ತಾರಲ್ಲ, ಹಾಗೆ. ಒಳಗೆ ಎಲ್ಲಿ ಬಿರುಕಿದೆ ಎಂದು ಅವಳಿಗೆ ಕೇಳಿಸುತ್ತಿತ್ತು ಅಂತಾರೆ. ಕಾಡಿನಿಂದ ಕುಂಟುತ್ತಾ ಬಂದ ಆನೆಯೊಂದು ಅವಳ ಮನೆಯ ಮುಂದೆ ಕಾಲು ಚಾಚಿ ಮಲಗಿತ್ತು ಅಂತಾರೆ. ಆನೆಯ ಮಾತು ಹೇಗಾದರೂ ಇರಲಿ, ಎತ್ತಿನ ಕಾಲು, ಮೇಕೆಯ ಕಾಲು, ಕೊಕ್ಕರೆಯ ಕಾಲನ್ನೂ ಅವಳು ಕಟ್ಟಿದ್ದು ನಿಜ. ಬಂದವರು ಯಾವ ಜಾತಿ, ಯಾವ ದೇವರು ಎಂದು ಅವಳು ಕೇಳಿದವಳಲ್ಲ.

ಅವಳು ಕಟ್ಟುವುದಕ್ಕೆ ಒಂದು ಕ್ರಮ ಇತ್ತು. ಅತ್ತೆಯಿಂದ ಕಲಿತದ್ದು. ಮೊದಲು ಹರಳೆಣ್ಣೆ ಹಚ್ಚಿ ನೀವುವುದು. ಆಮೇಲೆ ಯೇಸುಸ್ವಾಮಿ ಶಿಷ್ಯರಿಗೆ ಹೇಳಿಕೊಟ್ಟ ಪರಲೋಕ ಜಪವನ್ನು ಗಟ್ಟಿಯಾಗಿ ಶುರು ಮಾಡುವುದು. ಮೂಳೆ ಮುರಿದುಕೊಂಡವರು ಕ್ರೈಸ್ತರಾದರೆ ಜೊತೆಗೆ ಹೇಳಬೇಕು, ಬೇರೆಯವರಾದರೆ ತಮ್ಮ ದೇವರ ಹೆಸರು ಹೇಳಿಕೊಳ್ಳಬೇಕು. ಜಪದ ನಡುವೆ ಒಂದು ಸಾಲು ಬರುತ್ತದೆ. ನಮಗೆ ಕೆಡುಕು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ, ಹಾಗೆಯೇ ನಮ್ಮನ್ನು ಕ್ಷಮಿಸು ಎಂದು ದೇವರನ್ನು ಕೇಳುವ ಸಾಲು. ಆ ಸಾಲಿನಲ್ಲಿಯೇ ಅವಳು ಮೂಳೆಯನ್ನು ಎಳೆಯುತ್ತಿದ್ದಳು. ಆ ಮಾತಿನಲ್ಲಿ ಮನುಷ್ಯನ ಮೈ ಬಿಗಿ ಬಿಡುತ್ತದೆ, ಅದಕ್ಕೆ ಮುಂಚೆ ಎಳೆದರೂ ಆಮೇಲೆ ಎಳೆದರೂ ಮೂಳೆ ಕೂಡುವುದಿಲ್ಲ ಎಂದು ಅತ್ತೆ ಹೇಳಿದ್ದಳು. ಹಾಗೆ ಮಾಡಿ ಮಾಡಿ ಅವಳ ಕೈಗೆ ಬೇರೆ ದಾರಿಯೇ ಗೊತ್ತಿರಲಿಲ್ಲ. ಸಾಲು ಬಂದರೆ ಕೈ ತಾನಾಗಿ ಎಳೆಯುತ್ತಿತ್ತು.

ಗಾಣಿಗ ಮೊದಲೇ ಕಣ್ಣು ಮುಚ್ಚಿ, ನಿಧಾನ ತಾಯಿ, ನಿಧಾನ ಅಂದ.

"ನಿಧಾನ ಮಾಡೋಕೆ ಇದೇನು ಬೀಗರ ಊಟವಾ?" ಅಂದಳು ಇನ್ನಾಸಮ್ಮ. ಅವನ ನಗು ಇಳಿಯುವಷ್ಟರಲ್ಲಿ ಜಪ ಆ ಸಾಲಿಗೆ ಬಂದು, ಎಳೆದೂ ಆಗಿತ್ತು. ಉದ್ದಿನ ಹಿಟ್ಟಿನಲ್ಲಿ ಮೊಟ್ಟೆಯ ಲೋಳೆ ಕಲಸಿ ಮೆತ್ತಿ, ಬಿದಿರ ದಬ್ಬೆ ಇಟ್ಟು ಬಟ್ಟೆ ಸುತ್ತುತ್ತಿದ್ದಳು. ಕೊನೆಯ ಗಂಟು ಹಾಕುವ ಮುಂಚೆ ಕಣದ ಕಡೆಯಿಂದ ಜನ ಬಂದರು. ಓಡಿಬರಲಿಲ್ಲ, ನಡೆದು ಬಂದರು. ಅವರ ನಡಿಗೆಯಲ್ಲೇ ಅವಳಿಗೆ ಗೊತ್ತಾಯಿತು ಅಂತಾರೆ. ಆದರೂ ಗಾಣಿಗನ ಗಂಟು ಹಾಕಿ ಮುಗಿಸಿಯೇ ಎದ್ದಳು.

ಕಣದಲ್ಲಿ ನಡೆದದ್ದು ಇಷ್ಟು. ಊರಿಗೆ ಒಂದೇ ಕಣ. ಸರದಿಯ ಮೇಲೆ ರಾಗಿ ಒಕ್ಕಬೇಕು. ಅವತ್ತು ಸೂಸೆಯ ಸರದಿ ಮುಗಿದು ಚೌರಪ್ಪನ ಸರದಿ ಬಂದಿತ್ತು. ಚೌರಪ್ಪ ಸೂಸೆಯ ಓರಗೆಯವನೇ, ಮದುವೆಯಾಗಿ ಮಕ್ಕಳಿದ್ದವನು. ಪಡುವಣದಲ್ಲಿ ಮೋಡ ಕಟ್ಟಿತ್ತು. ನೆಲ ಬಿಡು ಅಂದ ಚೌರಪ್ಪ. ಇನ್ನೊಂದು ಸುತ್ತು ಒಕ್ಕುವ ಕಲ್ಲುಗುಂಡು ಎಳೆಸಿ ಬಿಡುತ್ತೇನೆ ಅಂದ ಸೂಸೆ. ಮಳೆ ಬಂದರೆ ನನ್ನ ಮೆದೆ ನೆನೆಯುತ್ತದೆ ಅಂದ ಚೌರಪ್ಪ. ನೆನೆದರೆ ಮೊಳಕೆ ಕಟ್ಟಿ ತಿನ್ನು, ಹೆಂಡತಿ ಮಕ್ಕಳಿಗೂ ತಿನ್ನಿಸು ಅಂದ ಸೂಸೆ. ಸುತ್ತಲಿದ್ದವರು ನಕ್ಕರು. ಚೌರಪ್ಪನ ಕೈಯಲ್ಲಿ ಹುಲ್ಲು ತಿರುವುವ ಕೋಲು ಇತ್ತು. ಒಂದೇ ಏಟು, ಕಿವಿಯ ಮೇಲೆ ಬಿತ್ತು. ಸೂಸೆ ತಾನು ಹರಡಿದ್ದ ಹುಲ್ಲಿನ ಮೇಲೆಯೇ ಕೂತು, ಹಾಗೇ ಒರಗಿದವನು ಮತ್ತೆ ಏಳಲಿಲ್ಲ.

ಅವತ್ತು ಮಳೆ ಬರಲೇ ಇಲ್ಲ.

ಚೌರಪ್ಪ ಕೋಲು ಎಸೆದು ಗುಡ್ಡದ ಕಡೆಗೆ ಓಡಿದ. ಬಂಡೆಯ ಮೇಲಿಂದ ಜಾರಿ ಬಿದ್ದ. ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಅವನನ್ನು ಅಲ್ಲೇ ಬಿಟ್ಟು ಬರಬೇಕು ಎಂದವರೂ ಇದ್ದರು. ಆದರೆ ಉಪದೇಶಿ ಜ್ಞಾನಪ್ಪ, ಸ್ವಾಮಿಗಳು ಇಲ್ಲದಾಗ ಊರಿಗೆ ಜಪ ಹೇಳಿಕೊಡುತ್ತಿದ್ದ ಮುದುಕ, ಅದಕ್ಕೆ ಒಪ್ಪಲಿಲ್ಲ. ಬಾಗಿಲ ಹಲಗೆಯೊಂದರ ಮೇಲೆ ಅವನನ್ನು ಹೊರಿಸಿಕೊಂಡು ಬಂದ. ಮೂಳೆ ಕಟ್ಟುವವಳು ಸುತ್ತಲಿನ ಊರುಗಳಿಗೆಲ್ಲ ಒಬ್ಬಳೇ. ಹೊತ್ತವರು ಇನ್ನಾಸಮ್ಮನ ಬೀದಿಯವರೆಗೆ ಬಂದು, ಹುಣಸೆಮರದ ಕೆಳಗೆ ಹಲಗೆ ಇಳಿಸಿ ನಿಂತರು. ಮುಂದೆ ಹೋಗುವ ಧೈರ್ಯ ಯಾರಿಗೂ ಬರಲಿಲ್ಲ.

ಒಳಗೆ ಅವಳು ಮನೆಗೆ ತಂದು ಮಲಗಿಸಿದ್ದ ಮಗನ ಮುಖ ಒರೆಸುತ್ತಿದ್ದಳು. ಕೂದಲಲ್ಲಿ ರಾಗಿ ಹೊಟ್ಟು ಸಿಕ್ಕಿಕೊಂಡಿತ್ತು. ಅದನ್ನು ಒಂದೊಂದಾಗಿ ಆರಿಸುತ್ತಿದ್ದಳು. ಜ್ಞಾನಪ್ಪ ಹೊಸ್ತಿಲಲ್ಲಿ ನಿಂತ.

"ಚೌರಪ್ಪನ ಕಾಲು ಮುರಿದಿದೆ ಇನ್ನಾಸಮ್ಮ. ಆಚೆ ಮಲಗಿಸಿದೀವಿ. ಬಾ ಅಂತ ನಾನು ಹೇಳಲ್ಲ."

ಅವಳು ಸ್ವಲ್ಪ ಹೊತ್ತು ಹೊಟ್ಟು ಆರಿಸಿದಳು. ಆಮೇಲೆ ಎದ್ದು, ಎಣ್ಣೆಯ ಕುಡಿಕೆ ತೆಗೆದುಕೊಂಡು ಹೊರಗೆ ಬಂದಳು. ಯಾಕೆ ಎದ್ದೆ ಎಂದು ಕೇಳಿದ್ದರೆ ಅವಳಿಗೇ ಹೇಳಲು ಬರುತ್ತಿರಲಿಲ್ಲ. ಮುರಿದ ಕಾಲು ಬಾಗಿಲಲ್ಲಿದ್ದಾಗ ಅವಳು ಕೂತದ್ದೇ ಇಲ್ಲ.

ಹುಣಸೆಮರದ ಕೆಳಗೆ ಅವಳು ಕಾಲು ತಟ್ಟಿದಳು, ಬಿರುಕು ಹುಡುಕಿದಳು, ಎಣ್ಣೆ ನೀವಿದಳು, ಜಪ ಶುರು ಮಾಡಿದಳು. ಚೌರಪ್ಪನೂ ಅಳುತ್ತಾ ಜೊತೆಗೆ ಹೇಳಿದ. ಆ ಸಾಲು ಬಂತು. ಚೌರಪ್ಪ ಹೇಳಿದ. ಇನ್ನಾಸಮ್ಮ ಹೇಳಲಿಲ್ಲ. ದೇವರ ಮುಂದೆ ಸುಳ್ಳು ಹೇಳಬಾರದು ಎಂದು ಅವಳಿಗೆ ಚಿಕ್ಕವಳಿದ್ದಾಗಿನಿಂದ ಕಲಿಸಿದ್ದರು. ಕ್ಷಮಿಸಿದ್ದೇನೆ ಎಂದರೆ ಅದು ಸುಳ್ಳು. ಅದಕ್ಕೆ ಆ ಸಾಲನ್ನು ದಾಟಿ, ಅದರ ಮುಂದಿನದನ್ನು ಹೇಳಿದಳು. ಸಾಲು ಇಲ್ಲದ ಮೇಲೆ ಕೈ ಎಳೆಯಲಿಲ್ಲ. ಮೂಳೆ ಇದ್ದ ಹಾಗೆಯೇ ಹಿಟ್ಟು ಮೆತ್ತಿ, ದಬ್ಬೆ ಇಟ್ಟು, ಬಟ್ಟೆ ಸುತ್ತಿ ಒಳಗೆ ಹೋದಳು. ಕೊಂದವನ ಕಾಲು ಕಟ್ಟಿದಳಲ್ಲ, ಎಂಥ ತಾಯಿ ಎಂದು ನೋಡಿದವರೆಲ್ಲ ಕಣ್ಣು ಒರೆಸಿಕೊಂಡರು ಅಂತಾರೆ.

ಮಾರನೆಯ ದಿನ ಸೂಸೆಯನ್ನು ಮಣ್ಣು ಮಾಡಿದರು. ಆಮೇಲೆ ಊರ ಹಿರಿಯರು ಕೂತು, ಏನು ಮಾಡೋಣ ಎಂದು ಇನ್ನಾಸಮ್ಮನನ್ನು ಕೇಳಿದರು. ನನ್ನನ್ನು ಕೇಳಬೇಡಿ ಅಂದಳು. ಕಾಲು ಸರಿಹೋದ ಮೇಲೆ ಚೌರಪ್ಪ ಬದುಕಿರುವವರೆಗೂ ಮೊದಲು ಇನ್ನಾಸಮ್ಮನ ಹೊಲ ಉಳಬೇಕು, ಆಮೇಲೆ ತನ್ನದು ಎಂದು ಅವರೇ ತೀರ್ಮಾನ ಮಾಡಿದರು. ಚೌರಪ್ಪ ತಲೆ ಬಾಗಿಸಿ ಒಪ್ಪಿಕೊಂಡ.

ಆದರೆ ಕಾಲು ಸರಿಹೋಗಲಿಲ್ಲ. ಕಟ್ಟು ಬಿಚ್ಚಿದಾಗ ಮೂಳೆ ಓರೆಯಾಗಿ ಕೂಡಿತ್ತು. ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಅವನು ಮೊದಲ ಮಳೆಗೆ ನೇಗಿಲು ಹಿಡಿದು ಇನ್ನಾಸಮ್ಮನ ಹೊಲಕ್ಕೆ ಹೋದ. ಒಂದು ಸಾಲು ಹೊಡೆಯುವ ಮುಂಚೆ ಬಿದ್ದ. ಎದ್ದು ಮತ್ತೆ ಬಿದ್ದ. ಆ ವರ್ಷ ಅವಳ ಹೊಲವೂ ಬೀಳು, ಅವನ ಹೊಲವೂ ಬೀಳು. ಅವನ ಹೆಂಡತಿ ಮದಲೇನ ಕಂಡವರ ಹೊಲದಲ್ಲಿ ಕಳೆ ಕೀಳಲು ಹೋದಳು. ಅವರ ಮನೆಯ ಒಲೆ ಒಂದು ಹೊತ್ತು ಉರಿದರೆ ಒಂದು ಹೊತ್ತು ಉರಿಯುತ್ತಿರಲಿಲ್ಲ.

ಇನ್ನಾಸಮ್ಮನ ಕೈಯೂ ನಿಂತುಹೋಯಿತು. ಜನ ಬರುತ್ತಿದ್ದರು. ಅವಳು ಎಣ್ಣೆ ನೀವುತ್ತಿದ್ದಳು, ಜಪ ಶುರು ಮಾಡುತ್ತಿದ್ದಳು. ಆ ಸಾಲು ಹತ್ತಿರ ಬಂದರೆ ಜಪ ನಿಲ್ಲುತ್ತಿತ್ತು, ಜಪ ನಿಂತರೆ ಕೈಯೂ ನಿಲ್ಲುತ್ತಿತ್ತು. ಜಪವಿಲ್ಲದೆ ಎಳೆದು ನೋಡಿದಳು. ಗಾಡಿಯವನೊಬ್ಬನ ತೋಳು ಸೊಟ್ಟ ಕೂಡಿತು. ಚಿಕ್ಕ ಹುಡುಗಿಯೊಬ್ಬಳ ಕಾಲು ಗಿಡ್ಡವಾಯಿತು. ಹೆತ್ತ ಹೊಟ್ಟೆಗೆ ಹೊಡೆತ ಬಿದ್ದಿದೆ, ಪಾಪ, ಅವಳ ಕೈ ಸತ್ತಿದೆ ಎಂದು ಜನ ಮೆಲ್ಲನೆ ಬರುವುದು ಬಿಟ್ಟರು. ಮೂಳೆಗಳು ಅವಳ ಮಾತು ಕೇಳುವುದನ್ನು ಬಿಟ್ಟವು ಅಂತಾರೆ.

ಚೌರಪ್ಪನ ಕಾಲನ್ನು ತಾನು ಎಳೆಯಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆ ಸಂಜೆ ತಾನು ಸಾಲನ್ನು ಬಿಟ್ಟದ್ದು ಸುಳ್ಳಿಗೆ ಹೆದರಿಯೋ, ಕಾಲು ಸೊಟ್ಟವಾಗಲಿ ಎಂತಲೋ? ಒಲೆ ಹಚ್ಚುವಾಗ, ನೀರು ಸೇದುವಾಗ, ಮಗನ ಸಮಾಧಿಯ ಮೇಲಿನ ಹುಲ್ಲು ಕೀಳುವಾಗ ಇದನ್ನೇ ಕೇಳಿಕೊಳ್ಳುತ್ತಿದ್ದಳು. ಎರಡೂ ಇರಬಹುದು ಎಂದು ಅನ್ನಿಸಿದ ದಿನ ಅವಳು ಊಟ ಮಾಡಲಿಲ್ಲ.

ಚರ್ಚಿನಲ್ಲಿ ಗಂಡಸರು ಮುಂದೆ, ಹೆಂಗಸರು ಹಿಂದೆ. ಎಲ್ಲರೂ ಮೊಣಕಾಲೂರಿದಾಗ ಚೌರಪ್ಪ ಒಬ್ಬನೇ ನಿಂತಿರುತ್ತಿದ್ದ. ಬಾಗಿದ ತಲೆಗಳ ನಡುವೆ ಅವನ ಬೆನ್ನೊಂದು ಕಂಬದ ಹಾಗೆ ಕಾಣುತ್ತಿತ್ತು. ಇನ್ನಾಸಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಮುಂದಿನ ವರ್ಷದ ಉಪವಾಸದ ತಪಸ್ಸುಕಾಲ ಬಂತು. ಶುಭ ಶುಕ್ರವಾರದ ಪ್ರಾರ್ಥನೆಗೆ ಸ್ವಾಮಿಗಳು ಬಂದರು. ಹೊಸಬರು, ಊರಿನ ಕಥೆ ತಿಳಿಯದವರು. ಆ ದಿನ ನೆಲದ ಮೇಲೆ ಮಲಗಿಸಿದ ಶಿಲುಬೆಯ ಹತ್ತಿರಕ್ಕೆ ಜನ ಒಬ್ಬೊಬ್ಬರಾಗಿ ಮೊಣಕಾಲಿನ ಮೇಲೆಯೇ ನಡೆದು ಹೋಗಿ ಮುತ್ತಿಡಬೇಕು. ಚೌರಪ್ಪ ಕುಂಟುತ್ತಾ ನಿಂತೇ ಬಂದ. ಸ್ವಾಮಿಗಳು ಮುಖ ಗಂಟು ಹಾಕಿ, ಮೊಣಕಾಲೂರು ಎಂದು ಹೇಳಿದರು. ಅವನು ಊರಲು ಹೋದ. ಓರೆ ಕಾಲು ಪಕ್ಕಕ್ಕೆ ಸರಿದು, ಕಡಿದ ಮರದ ಹಾಗೆ ಬೋರಲಾಗಿ ಶಿಲುಬೆಯ ಪಕ್ಕದಲ್ಲಿ ಬಿದ್ದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಎತ್ತಲು ಯಾರೂ ಏಳಲಿಲ್ಲ. ಅವನು ಬಿದ್ದಲ್ಲಿಂದಲೇ ತೆವಳಿ ಮುತ್ತಿಟ್ಟ.

ಪಂಚೆ ಸರಿದಿತ್ತು. ಮೊಣಕಾಲಿನ ಕೆಳಗೆ ಮೂಳೆ ಗಂಟು ಕಟ್ಟಿದ ಜಾಗ ಇನ್ನಾಸಮ್ಮನಿಗೆ ಕಾಣಿಸಿತು. ನೇಕಾರನಿಗೆ ತನ್ನ ಬಟ್ಟೆ ಗೊತ್ತಾಗುವ ಹಾಗೆ ಅವಳಿಗೆ ಅದು ಗೊತ್ತಾಯಿತು. ಸೊಟ್ಟ ಕೂಡಿದ ಮೂಳೆಯನ್ನು ನೆಟ್ಟಗೆ ಮಾಡಲು ಇರುವುದು ಒಂದೇ ದಾರಿ. ಅದು ಕೂಡಿದಲ್ಲೇ ಮತ್ತೆ ಮುರಿಯಬೇಕು.

ಯೇಸುಸ್ವಾಮಿ ಎದ್ದುಬಂದ ಪಾಸ್ಕ ಹಬ್ಬ ಕಳೆದ ಮೇಲೆ ಅವಳು ಚೌರಪ್ಪನ ಮನೆಗೆ ಹೋದಳು. ಸೂಸೆ ಸತ್ತ ಮೇಲೆ ಆ ಬೀದಿಗೆ ಅವಳು ಕಾಲಿಟ್ಟಿರಲಿಲ್ಲ. ಚೌರಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಅವಳು ಕೂರಲಿಲ್ಲ.

"ಅವತ್ತು ನಾನು ಎಳೀಲಿಲ್ಲ," ಅಂದಳು. "ಎಳೆಯೋ ಸಾಲು ಬಿಟ್ಟುಬಿಟ್ಟೆ. ಕಾಲು ಸೊಟ್ಟ ಆಗಿದ್ದು ಅದಕ್ಕೇ."

"ಗೊತ್ತು ಕಣವ್ವ," ಅಂದ ಚೌರಪ್ಪ. "ಜೊತೇಲೇ ಹೇಳ್ತಿದ್ದೆನಲ್ಲ. ನಾನು ಹೇಳಿದೆ, ನೀನು ನಿಂತೆ."

ಅವನು ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಒಳಗಿನಿಂದ ಮದಲೇನ ಬಂದಳು. ಮತ್ತೆ ಮುರಿದು ಕಟ್ಟಬೇಕು ಎಂದು ಇನ್ನಾಸಮ್ಮ ಹೇಳಿದಾಗ ಅವಳು ಗಂಡನ ಮುಂದೆ ಅಡ್ಡ ನಿಂತಳು.

"ಒಂದು ಸಲ ಮಾಡಿದ್ದು ಸಾಲದಾ ಅವ್ವ? ಈಗ ಮುರಿಯೋಕೇ ಬಂದ್ಯಾ? ಇರೋ ಒಂದು ಕಾಲನ್ನೂ ತಗೊಂಡು ಹೋಗು. ನಿನ್ನ ಕೈ ಸತ್ತಿದೆ ಅಂತ ಊರೇ ಹೇಳುತ್ತೆ."

ಇನ್ನಾಸಮ್ಮ ಅದಕ್ಕೆ ಇಲ್ಲ ಅನ್ನಲಿಲ್ಲ. ಸತ್ತಿರಬಹುದು ಅಂದಳು. ಕೂಡದೆ ಹೋದರೆ ಅವನು ಈಗಿನ ಹಾಗೆ ಕುಂಟಿಕೊಂಡೂ ಓಡಾಡಲಾರ, ಅದೂ ನಿಜ ಅಂದಳು. ಮದಲೇನ ಗಂಡನ ಮುಖ ನೋಡಿದಳು. ಚೌರಪ್ಪ ಹೊಸೆಯುತ್ತಿದ್ದ ಹಗ್ಗವನ್ನು ಪಕ್ಕಕ್ಕಿಟ್ಟು ಕಾಲು ಮುಂದೆ ಚಾಚಿದ.

ಕೆಲವು ದಿನ ಅವಳು ಮೂಳೆಯನ್ನು ಹದ ಮಾಡಿದಳು. ದಿನವೂ ಬಂದು ಹರಳೆಣ್ಣೆ ನೀವಿ, ಬಿಸಿ ಬೂದಿಯ ಗಂಟಿನಿಂದ ಕಾವು ಕೊಟ್ಟಳು. ಕಾಲು ಚಾಚು, ತಿರುಗು, ಸಾಕು ಎಂಬ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಮದಲೇನ ಒಂದು ದಿನ ಮಜ್ಜಿಗೆ ತಂದಿಟ್ಟಳು. ಇನ್ನಾಸಮ್ಮ ಮುಟ್ಟಲಿಲ್ಲ. ಆ ಮನೆಯ ನೀರು ತನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ದೇವರಿಗೂ ಗೊತ್ತಿರಲಿ ಎಂದು ಲೋಟವನ್ನು ಸರಿಸದೆ ಅಲ್ಲೇ ಬಿಟ್ಟು ಹೋದಳು.

ಮುರಿಯುವ ದಿನ ಮಧ್ಯಾಹ್ನ ಊರೆಲ್ಲ ಬೇಲಿಯ ಹೊರಗೆ ನಿಂತಿತ್ತು. ಜ್ಞಾನಪ್ಪ ಚೌರಪ್ಪನ ಹೆಗಲು ಹಿಡಿದುಕೊಂಡ. ಇನ್ನಾಸಮ್ಮ ಕಾಲನ್ನು ಮರದ ತುಂಡಿನ ಮೇಲಿಟ್ಟು ತನ್ನ ಮೈಯ ಭಾರವನ್ನೆಲ್ಲ ಹಾಕಿದಳು. ಆ ಸದ್ದು ತೊರೆಯ ಆಚೆ ದಡಕ್ಕೆ ಕೇಳಿಸಿತು ಅಂತಾರೆ. ಅಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ತಿರುಗಿ ನೋಡಿದರು ಅಂತಾರೆ. ಚೌರಪ್ಪನಿಗೆ ಉಸಿರೇ ಬರಲಿಲ್ಲ, ಇನ್ನು ಜಪ ಎಲ್ಲಿಂದ ಹೇಳಿಯಾನು. ಅವಳೊಬ್ಬಳೇ ಶುರು ಮಾಡಿದಳು. ಬೇಲಿಯ ಹೊರಗಿನವರು ತಾವಾಗಿ ಅವಳ ದನಿಗೆ ದನಿ ಸೇರಿಸಿದರು.

ಆ ಸಾಲು ಬಂತು. ಇನ್ನಾಸಮ್ಮ ನಿಂತಳು. ಅವಳು ನಿಂತದ್ದಕ್ಕೆ ಊರೂ ನಿಂತಿತು.

ಎಷ್ಟು ಹೊತ್ತು ಎನ್ನುವುದನ್ನು ಹೇಳುವವರು ಬೇರೆ ಬೇರೆ ಹೇಳುತ್ತಾರೆ. ಗೋಡೆಯ ಮೇಲಿದ್ದ ಬಿಸಿಲು ನೆಲಕ್ಕೆ ಇಳಿಯುವಷ್ಟು ಅಂತಾರೆ ಕೆಲವರು. ತೊರೆ ಹರಿಯುವುದನ್ನು ನಿಲ್ಲಿಸಿತ್ತು ಅಂತಾರೆ ಇನ್ನು ಕೆಲವರು. ಜ್ಞಾನಪ್ಪ ಮಾತ್ರ, ಒಂದು ಕೋಳಿ ಅಂಗಳವನ್ನು ಈ ಕಡೆಯಿಂದ ಆ ಕಡೆಗೆ ದಾಟಿತು, ಅಷ್ಟೇ ಹೊತ್ತು ಎಂದು ಕೊನೆಯವರೆಗೂ ಹೇಳುತ್ತಿದ್ದನಂತೆ.

ಅಷ್ಟು ಹೊತ್ತು ಅವಳು ತನ್ನೊಳಗೆ ಹುಡುಕುತ್ತಿದ್ದಳು. ಮಡಕೆ ತಟ್ಟಿದ ಹಾಗೆ ತಟ್ಟಿ ನೋಡುತ್ತಿದ್ದಳು. ಎಲ್ಲಿ ತಟ್ಟಿದರೂ ಒಡಕು ಸದ್ದೇ. ಕ್ಷಮೆ ಎಂಬುದು ಎಲ್ಲೂ ಇರಲಿಲ್ಲ. ಮಗನ ಕೂದಲಲ್ಲಿ ಸಿಕ್ಕಿದ್ದ ರಾಗಿ ಹೊಟ್ಟು ಇತ್ತು. ಮುಂದೆ, ಅವಳ ಎರಡು ಕೈಗಳ ನಡುವೆ, ಒಂದು ಮುರಿದ ಕಾಲು ಇತ್ತು. ನನ್ನ ಹತ್ತಿರ ಇಲ್ಲ, ನೀನೇ ಕೊಡಬೇಕು ಎಂದು ಅವಳು ದೇವರಿಗೆ ಹೇಳಿಕೊಂಡಳು ಅಂತಾರೆ. ಅವಳ ಒಳಗಿನ ಮಾತು ಹೊರಗಿನವರಿಗೆ ಹೇಗೆ ಗೊತ್ತಾಯಿತೋ ಏನೋ. ಗೊತ್ತಾದದ್ದು ಇಷ್ಟು: ಅವಳು ಬಾಯಿ ತೆರೆದು ಆ ಸಾಲನ್ನು ಪೂರ್ತಿ ಹೇಳಿದಳು. ಒಬ್ಬಳೇ ಹೇಳಿದಳು. ಹೇಳುತ್ತಾ ಎಳೆದಳು.

ಕಾಲು ಬಿದಿರಿನ ಹಾಗೆ ನೆಟ್ಟಗಾಯಿತು, ಚೌರಪ್ಪ ಅವತ್ತೇ ಎದ್ದು ಓಡಿದ ಎಂದು ಹೇಳುವವರಿದ್ದಾರೆ. ಹಾಗೇನೂ ಆಗಲಿಲ್ಲ. ಮಳೆಗಾಲವೆಲ್ಲ ಅವನು ಮಲಗಿದ್ದ. ಜ್ವರ ಬಂತು, ಸಾಯುತ್ತಾನೆ ಎಂದೂ ಅಂದುಕೊಂಡರು. ಎದ್ದ ಮೇಲೂ ಸ್ವಲ್ಪ ಕುಂಟು ಉಳಿಯಿತು. ಆದರೆ ಮೊಣಕಾಲು ಮಡಚಲು ಬಂತು. ನೇಗಿಲು ಹಿಡಿದು ಇನ್ನಾಸಮ್ಮನ ಹೊಲ ಉತ್ತ, ಆಮೇಲೆ ತನ್ನದನ್ನು ಉತ್ತ. ಅವಳು ಬದುಕಿರುವವರೆಗೂ ಹಾಗೆಯೇ ಉತ್ತ.

ಇನ್ನಾಸಮ್ಮನ ಕೈ ಮತ್ತೆ ಬಂತು. ಜನ ಮತ್ತೆ ಬಂದರು. ಅವಳ ನಗು ಮಾತ್ರ ಬರಲಿಲ್ಲ. ಬೀಗರ ಊಟದ ಮಾತನ್ನು ಅವಳು ಮತ್ತೆ ಯಾರಿಗೂ ಆಡಲಿಲ್ಲ. ಯಾರ ಮೂಳೆ ಕಟ್ಟಿದರೂ ಆ ಸಾಲಿನ ಮುಂಚೆ ಒಂದು ಗಳಿಗೆ ನಿಲ್ಲುತ್ತಿದ್ದಳು. ಪ್ರತಿ ಸಲವೂ ಅದನ್ನು ಹೊಸದಾಗಿ ಹುಡುಕಬೇಕಾಗಿತ್ತು ಅಂತಾರೆ. ಕೆಲವು ದಿನ ಬೇಗ ಸಿಗುತ್ತಿತ್ತು, ಕೆಲವು ದಿನ ಮುರಿದುಕೊಂಡು ಬಂದವರು ನರಳುತ್ತಾ ಕಾಯಬೇಕಾಗುತ್ತಿತ್ತು. ಚೌರಪ್ಪ ರಾಗಿ ತಂದು ಜಗುಲಿಯ ಮೇಲೆ ಇಟ್ಟರೆ ತೆಗೆದುಕೊಳ್ಳುತ್ತಿದ್ದಳು, ಕೂರು ಎನ್ನುತ್ತಿರಲಿಲ್ಲ. ಒಂದು ಸಲ, ತುಂಬಾ ವಯಸ್ಸಾದ ಮೇಲೆ, ಮದಲೇನ ಕೊಟ್ಟ ಮಜ್ಜಿಗೆಯನ್ನು ಅರ್ಧ ಲೋಟ ಕುಡಿದಳಂತೆ. ಅದನ್ನು ಮದಲೇನ ಸಾಯುವವರೆಗೂ ಹೇಳಿಕೊಂಡಳು.

ಇನ್ನಾಸಮ್ಮ ಸತ್ತಾಗ ಗುಂಡಿ ತೋಡಿದವನು ಚೌರಪ್ಪ. ಸೂಸೆಯ ಪಕ್ಕದಲ್ಲಿ ತೋಡಿದ. ತೋಡಿ ಮುಗಿಸಿ, ಮಣ್ಣಿನ ಮೇಲೆ ಮೊಣಕಾಲೂರಿ ಕೂತವನನ್ನು ಏಳಿಸಲು ಇಬ್ಬರು ಬೇಕಾದರು.

ಈಗ ತೊರೆಗಲ್ಲಿನಲ್ಲಿ ಮೂಳೆ ಕಟ್ಟುವವರು ಯಾರೂ ಇಲ್ಲ. ಮುರಿದರೆ ಪಟ್ಟಣದ ಆಸ್ಪತ್ರೆಗೆ ಹೋಗುತ್ತಾರೆ. ಇನ್ನಾಸಮ್ಮನ ಮನೆ ಬಿದ್ದುಹೋಗಿದೆ. ಸಮಾಧಿ ತೋಟದಲ್ಲಿ ಅವಳ ಕಲ್ಲು ಯಾವುದು ಎಂದು ಗುರುತು ಹಿಡಿಯುವವರೂ ಕಡಿಮೆ. ಆದರೆ ಭಾನುವಾರದ ಪೂಜೆಯಲ್ಲಿ ಪರಲೋಕ ಜಪ ಹೇಳುವಾಗ, ಆ ಸಾಲಿನ ಹತ್ತಿರ ಬಂದಾಗ, ಊರೆಲ್ಲ ನಿಲ್ಲುತ್ತದೆ. ಮುದುಕರೂ ನಿಲ್ಲುತ್ತಾರೆ, ಮಕ್ಕಳೂ ನಿಲ್ಲುತ್ತಾರೆ. ಮಕ್ಕಳಿಗೆ ಹಾಗೆಂದು ಯಾರೂ ಹೇಳಿಕೊಡುವುದಿಲ್ಲ, ದೊಡ್ಡವರ ಜೊತೆ ನಿಂತು ನಿಂತು ಕಲಿಯುತ್ತಾರೆ. ಒಂದು ಕೋಳಿ ಅಂಗಳ ದಾಟುವಷ್ಟು ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಯಾರೋ ಒಬ್ಬರು ಶುರು ಮಾಡುತ್ತಾರೆ, ಉಳಿದವರು ಸೇರುತ್ತಾರೆ.

ಹೊಸದಾಗಿ ಬಂದ ಸ್ವಾಮಿಗಳು ಮೊದಲ ಭಾನುವಾರ ಆ ಸಾಲಿಗೆ ನಿಲ್ಲದೆ ಒಬ್ಬರೇ ಮುಂದೆ ಹೇಳಿಕೊಂಡು ಹೋಗಿಬಿಡುತ್ತಾರೆ.